ಒಂದು ಗಂಟೆಯ ಹಾರಾಟ, ಏಳು ಗಂಟೆಯ ದಾರಿ

ಬೆಂಗಳೂರಿನಿಂದ ಮಂಗಳೂರಿಗೆ ವಿಮಾನದಲ್ಲಿ ಎಷ್ಟು ಹೊತ್ತೆಂದು ಕೇಳಿದರೆ ‘ಒಂದು ಗಂಟೆ’ ಎಂಬ ಉತ್ತರ ಥಟ್ಟನೆ ಬರುತ್ತದೆ. ಆಕಾಶಮಾರ್ಗದಲ್ಲಿ ಈ ಎರಡು ನಿಲ್ದಾಣಗಳ ಅಂತರ ಸುಮಾರು 300 ಕಿ.ಮೀ. ಹಾಸನ, ಸಕಲೇಶಪುರ, ಶಿರಾಡಿ ಘಟ್ಟದ ಹೆದ್ದಾರಿಯಲ್ಲಿ ನಗರದಿಂದ ನಗರಕ್ಕೆ ಅದು ಸುಮಾರು 350 ಕಿ.ಮೀ. ಆಗುತ್ತದೆ. ಆದರೆ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಿಗೆ ಹೊರಟವರು ಆ ಒಂದು ಗಂಟೆಯನ್ನೇ ನಂಬುವಂತಿಲ್ಲ.

ಈ ಮೂರು ತಾಲ್ಲೂಕುಗಳು ಕಡಲಿಗೂ ಪಶ್ಚಿಮಘಟ್ಟಕ್ಕೂ ನಡುವೆ ಇವೆ. ಅಡಿಕೆ, ರಬ್ಬರ್ ತೋಟಗಳ ಈ ಸೀಮೆಯಲ್ಲಿ ಕುಮಾರಧಾರೆ, ಪಯಸ್ವಿನಿ ನದಿಗಳು ಹರಿಯುತ್ತವೆ. ವಿಮಾನವಾದರೋ ಘಟ್ಟವನ್ನು ದಾಟಿ ಮುಂದೆ ಸಾಗಿ, ಮಂಗಳೂರಿನ ಬಜ್ಪೆಯಲ್ಲಿ ಇಳಿಯುತ್ತದೆ. 1951ರ ಡಿಸೆಂಬರಿನಲ್ಲಿ ಪಂಡಿತ ನೆಹರೂ ಅವರು ಬಂದಿಳಿದಂದು ಆರಂಭವಾದ ನಿಲ್ದಾಣವದು. ಅಲ್ಲಿಂದ ಪ್ರಯಾಣಿಕರು ಬಂದ ದಿಕ್ಕಿಗೇ ತಿರುಗಿ ರಸ್ತೆ ಹಿಡಿಯಬೇಕು. ಪುತ್ತೂರಿಗೆ ಸುಮಾರು 50 ಕಿ.ಮೀ., ಸುಳ್ಯಕ್ಕೆ ಸುಮಾರು 90, ಕುಕ್ಕೆ ಸುಬ್ರಹ್ಮಣ್ಯಕ್ಕೆ ನೂರಕ್ಕೂ ಮೇಲು.

ಸುಳ್ಯದ ಲೆಕ್ಕವನ್ನೇ ಹಾಕೋಣ. ಬೆಂಗಳೂರಿನ ಮನೆಯಿಂದ ದೇವನಹಳ್ಳಿಗೆ ಒಂದೂವರೆ ಗಂಟೆ. ತಪಾಸಣೆಗೂ ಕಾಯುವಿಕೆಗೂ ಒಂದೂವರೆ ಗಂಟೆ. ಹಾರಾಟ ಒಂದು ಗಂಟೆ. ಇಳಿದು ಸಾಮಾನು ಪಡೆಯಲು ಅರ್ಧ ಗಂಟೆ. ಬಜ್ಪೆಯಿಂದ ಸುಳ್ಯಕ್ಕೆ ಎರಡೂವರೆ ಗಂಟೆ. ಒಟ್ಟು ಏಳು ಗಂಟೆ! ಮೈಸೂರು, ಮಡಿಕೇರಿ, ಸಂಪಾಜೆಯ ಮೂಲಕ ಕಾರಿನಲ್ಲಿ ಬಂದರೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಪುತ್ತೂರಿನವರಿಗೆ ವಿಮಾನದಿಂದ ತುಸು ಉಳಿತಾಯವುಂಟು. ಘಟ್ಟದ ಬುಡದ ಊರುಗಳಿಗೆ ಅದೂ ಇಲ್ಲ.

ಕುಕ್ಕೆಗೆ ಬರುವ ಭಕ್ತರಿಗೆ ರೈಲು ಅನುಕೂಲ. ಸುಬ್ರಹ್ಮಣ್ಯ ರೋಡ್ ನಿಲ್ದಾಣವಿರುವುದು ಕಡಬ ತಾಲ್ಲೂಕಿನ ನೆಟ್ಟಣದಲ್ಲಿ. ಕ್ಷೇತ್ರಕ್ಕೆ ಅಲ್ಲಿಂದ ಸುಮಾರು 12 ಕಿ.ಮೀ. ಸಕಲೇಶಪುರದಿಂದ ಇಲ್ಲಿಗೆ 55 ಕಿ.ಮೀ. ಘಟ್ಟದ ಹಳಿ, 57 ಸುರಂಗಗಳು. 1979ರಲ್ಲಿ ಮೀಟರ್ ಗೇಜಿನಲ್ಲಿ ತೆರೆದ ಈ ಮಾರ್ಗವು ಬ್ರಾಡ್ ಗೇಜಾಗಿ, 2007ರ ಡಿಸೆಂಬರಿನಲ್ಲಿ ಮತ್ತೆ ಪ್ರಯಾಣಿಕರಿಗೆ ದೊರಕಿತು. ಇಳಿಜಾರು ಕಡಿದಾದುದರಿಂದ ರೈಲು ಮೆಲ್ಲನೆ ಸಾಗುತ್ತದೆ. ರಾತ್ರಿಯ ಗಾಡಿಯಲ್ಲಿ ವೃದ್ಧರು ಮಲಗಿ ಬರಬಹುದೆಂಬುದು ದೊಡ್ಡ ಸೌಕರ್ಯ.

ಆದರೆ ಮಳೆಗಾಲದಲ್ಲಿ ಈ ಲೆಕ್ಕವೆಲ್ಲ ತಲೆಕೆಳಗಾಗಬಹುದು. 2018ರ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಸುಳ್ಯ–ಮಡಿಕೇರಿ ರಸ್ತೆ ಕಡಿದುಹೋಯಿತು. ಶಿರಾಡಿಯ ರಸ್ತೆಯೂ ಘಟ್ಟದ ರೈಲೂ ನಿಂತವು. 2024ರ ಜುಲೈಯಲ್ಲಿ ಎಡಕುಮೇರಿ–ಕಡಗರವಳ್ಳಿಯ ನಡುವೆ ಹಳಿಯ ಕೆಳಗಿನ ಮಣ್ಣು ಜರಿದು ರೈಲುಗಳು ಮತ್ತೆ ಸ್ಥಗಿತಗೊಂಡವು. ಊರಿನಲ್ಲಿ ತಂದೆತಾಯಿಗಳು, ಬೆಂಗಳೂರಿನಲ್ಲಿ ಮಕ್ಕಳು ಎಂಬಂತಿರುವ ಮನೆಗಳೀಗ ಬಹಳ. ಹಿರಿಯರು ಹಾಸಿಗೆ ಹಿಡಿದ ಸುದ್ದಿ ಅಂಥ ದಿನಗಳಲ್ಲಿ ಬಂದರೆ, ಘಟ್ಟದ ಮೇಲೆ ಹಾರುವ ವಿಮಾನವೊಂದೇ ಆಸರೆ. ಹವಾಮಾನ ಕೆಟ್ಟರೆ ಅದೂ ತಡವಾಗಬಹುದು.

ಆದುದರಿಂದ ಈ ಸೀಮೆಗೆ ಹೊರಡುವ ಬಂಧುಗಳು ಮನೆಯ ಬಾಗಿಲಿನಿಂದ ಮನೆಯ ಬಾಗಿಲಿನವರೆಗಿನ ಹೊತ್ತನ್ನು ಎಣಿಸಿಕೊಳ್ಳುವುದು ಲೇಸು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಸ್ಥಿತಿಯನ್ನು ವಿಚಾರಿಸಿಯೇ ಹೊರಡಬೇಕು. ಮದುವೆಯ ಮುಹೂರ್ತವಿದ್ದರೆ ಒಂದು ದಿನ ಮೊದಲೇ ತಲುಪುವುದು ಕ್ಷೇಮ. ಹಿರಿಯರ ಯೋಗಕ್ಷೇಮ ವಿಚಾರಿಸಬೇಕೆಂದಿದ್ದರೆ, ಮಳೆ ಹಿಡಿಯುವ ಮುನ್ನವೇ ಒಮ್ಮೆ ಹೋಗಿಬರುವುದು ಇನ್ನೂ ಉತ್ತಮ.