ನೀರು ಹರಿದ ಊರು, ನೀರು ಏರದ ಊರು

ಅಭಿವೃದ್ಧಿ ಯೋಜನೆಯ ಫಲವನ್ನು ಆಡಳಿತವು ನೀರಾವರಿಯ ವಿಸ್ತೀರ್ಣ, ಬೆಳೆಯ ಇಳುವರಿ, ತಲಾ ಆದಾಯಗಳಲ್ಲಿ ಅಳೆಯುತ್ತದೆ. ಊರೊಳಗೆ ಯಾರು ಯಾರ ಹೊಲದಲ್ಲಿ ದುಡಿಯುತ್ತಾರೆ, ಯಾವ ಕಟ್ಟಿಗೆ ಒಳಪಟ್ಟು ದುಡಿಯುತ್ತಾರೆ, ಬರ ಬಂದಾಗ ಯಾರನ್ನು ಯಾರು ಸಲಹುತ್ತಾರೆ ಎಂಬುದು ಈ ಅಳತೆಗೆ ಸಿಗುವುದಿಲ್ಲ. ಅದನ್ನು ಅರಿತು ನೀತಿ ನಿರೂಪಕರ ಮುಂದಿಡುವುದೇ ಅನ್ವಯಿಕ ಮಾನವಶಾಸ್ತ್ರದ ಕಾರ್ಯ. ಇದಕ್ಕೆ ಮಂಡ್ಯ ಸೀಮೆಯಲ್ಲಿಯೇ ಗಮನಾರ್ಹ ನಿದರ್ಶನವೊಂದಿದೆ.

ವಿಯೆನ್ನಾದಲ್ಲಿ ಜನಿಸಿ, ನಾಜಿಗಳ ಕಾಲದಲ್ಲಿ ನಾಡು ತೊರೆದು ಇಂಗ್ಲೆಂಡನ್ನು ಸೇರಿದ ಸ್ಕಾರ್ಲೆಟ್ ಎಪ್‌ಸ್ಟೀನ್ 1954ರಲ್ಲಿ ಕ್ಷೇತ್ರಕಾರ್ಯಕ್ಕಾಗಿ ಈ ಸೀಮೆಗೆ ಬಂದರು. ಕೃಷ್ಣರಾಜಸಾಗರದ ನಾಲೆಯ ನೀರು ಮತ್ತು 1933ರಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪನಿ, ಇವೆರಡೂ ಸೇರಿ ರಾಗಿಯ ನಾಡನ್ನು ಕಬ್ಬಿನ ನಾಡಾಗಿಸಿದ್ದವು. ಒಕ್ಕಲಿಗರೇ ಪ್ರಬಲರಾಗಿದ್ದ ಎರಡು ಊರುಗಳನ್ನು ಎಪ್‌ಸ್ಟೀನ್ ಆರಿಸಿಕೊಂಡರು. ನಿಜನಾಮಗಳನ್ನು ಮರೆಸಿ ವಂಗಲ, ದಲೇನ ಎಂದು ಕರೆದರು. ವಂಗಲದ ಹೊಲಗಳಿಗೆ ನಾಲೆಯ ನೀರು ಹರಿಯಿತು. ಎತ್ತರದಲ್ಲಿದ್ದ ದಲೇನದ ಭೂಮಿಗೆ ಅದು ಏರಲಿಲ್ಲ.

ನೀರು ಬಂದ ಊರೇ ಹೆಚ್ಚು ಬದಲಾಗಿರಬೇಕೆಂಬುದು ಸಹಜವಾದ ಊಹೆ. 1962ರಲ್ಲಿ ಪ್ರಕಟವಾದ ಅವರ ಗ್ರಂಥವು ಇದಕ್ಕೆ ವಿರುದ್ಧವಾದುದನ್ನು ತೋರಿಸಿತು. ವಂಗಲದಲ್ಲಿ ಸಂಪತ್ತು ಹೆಚ್ಚಿತಾದರೂ ಬದುಕು ಬೇಸಾಯದಲ್ಲಿಯೇ ನೆಲೆನಿಂತಿತು; ಆದುದರಿಂದ ಒಡೆಯ ಮತ್ತು ಆಳಿನ ಹಳೆಯ ಸಂಬಂಧಗಳು ಬಹುಮಟ್ಟಿಗೆ ಉಳಿದವು. ದಲೇನದವರಾದರೋ ಕಬ್ಬಿನ ಗಾಡಿ ಹೊಡೆದರು, ಕಾರ್ಖಾನೆಯ ಕೆಲಸಕ್ಕೆ ಹೋದರು, ನೆರೆಯೂರುಗಳಲ್ಲಿ ಗದ್ದೆ ಕೊಂಡರು. ಗಳಿಕೆಯ ದಾರಿಗಳು ಊರಾಚೆಗೆ ಚಾಚಿದಂತೆಲ್ಲ ವಂಶಪಾರಂಪರ್ಯದ ಕಟ್ಟುಗಳು ಸಡಿಲಗೊಂಡವು.

ಆ ಕಟ್ಟುಗಳ ಸ್ವರೂಪವನ್ನು ಎಪ್‌ಸ್ಟೀನ್ ವಿಶ್ಲೇಷಿಸಿದ ಬಗೆ ಇನ್ನೂ ಮಹತ್ವದ್ದು. ಹಳೆಮಕ್ಕಳೆನಿಸಿಕೊಂಡ ದಲಿತ ಕುಟುಂಬಗಳಿಗೆ ಸುಗ್ಗಿಯಲ್ಲಿ ಸಲ್ಲುತ್ತಿದ್ದ ಧಾನ್ಯದ ಪ್ರಮಾಣ ನಿಗದಿಯಾಗಿತ್ತು. ಬೆಳೆ ಕೈಕೊಟ್ಟ ವರ್ಷ ಅದು ಅವರ ಜೀವ ಉಳಿಸುತ್ತಿತ್ತು. ಬೆಳೆ ಹುಲುಸಾದ ವರ್ಷ ಮಿಕ್ಕುದೆಲ್ಲ ಭೂಮಾಲೀಕನ ಕಣಜ ಸೇರುತ್ತಿತ್ತು. ದಾಸ್ಯವೂ ಆಸರೆಯೂ ಒಂದೇ ವ್ಯವಸ್ಥೆಯಲ್ಲಿ ಹೆಣೆದುಕೊಂಡಿದ್ದವು. ಕಾಸಿನ ಕೂಲಿ ಬಂದರೆ ದಾಸ್ಯ ಸಡಿಲುವುದು ನಿಜ. ಅದರೊಡನೆ ಬರಗಾಲದ ಅನ್ನವೂ ತಪ್ಪುತ್ತದೆ.

1970ರಲ್ಲಿ ಅವರು ಮರಳಿ ಬಂದಾಗ ಉಳ್ಳವರು ಮತ್ತಷ್ಟು ಉಳ್ಳವರಾಗಿದ್ದರು, ಬಡವರ ಸ್ಥಿತಿ ಇನ್ನಷ್ಟು ಹದಗೆಟ್ಟಿತ್ತು. ಸರಾಸರಿ ಆದಾಯದ ಲೆಕ್ಕ ಈ ಅಂತರವನ್ನು ಮರೆಮಾಚಬಲ್ಲದು. ಹಳೆಯ ಕಟ್ಟನ್ನು ಕೇವಲ ಶೋಷಣೆಯೆಂದು ಬಗೆದು ಮುರಿಯುವ ನೀತಿಯು, ಮುರಿದ ಮರುವರ್ಷ ಮಳೆ ತಪ್ಪಿದರೆ ಆ ಕುಟುಂಬದ ಗತಿಯೇನೆಂಬುದನ್ನೂ ಮೊದಲೇ ಯೋಚಿಸಿರಬೇಕು. ಸಾಮರಸ್ಯವೆಂದು ಹೊಗಳಿ ಅದನ್ನು ಉಳಿಸಬಯಸುವವರು ಹುಲುಸಾದ ವರ್ಷದ ಕಣಜದೊಳಕ್ಕೆ ಇಣುಕಿ ನೋಡಬೇಕು. ಇವೆರಡನ್ನೂ ಒಂದೇ ಕಡತದಲ್ಲಿ ಇಡಲು ಬೇಕಾದ ಅರಿವು ದೊರೆತದ್ದು ಊರಿನಲ್ಲಿ ದೀರ್ಘಕಾಲ ನೆಲಸಿ, ಮನೆಮನೆಯ ಕೊಡುಕೊಳೆಗಳನ್ನು ಕೇಳಿ ಬರೆದುಕೊಂಡುದರಿಂದ.