ಗುಂಡ್ಯಾಗ ಜೋಡಿ ಬ್ಯಾಡ, ನೀರು ಬೇಕು

1/6

ಹೋದ ವಾರ ಸ್ಟೋರಿಯಲ್ಲಿ ಗುಂಡ್ಯಾನ ವಿಡಿಯೋ ಹಾಕಿದ ಮ್ಯಾಲೆ ಇನ್‌ಬಾಕ್ಸ್ ತುಂಬಿ ಹೋಗೇತಿ. ಅರ್ಧಕ್ಕಿಂತ ಹೆಚ್ಚು ಮಂದಿ ಕೇಳಿದ್ದು ಒಂದೇ: "ಅಷ್ಟು ದೊಡ್ಡ ಟ್ಯಾಂಕ್‌ನ್ಯಾಗ ಒಂದೇ ಮೀನಾ? ಪಾಪ, ಬ್ಯಾಸರ ಆಗಲ್ಲೇನು ಅದಕ್ಕ? ಜೋಡಿಗೆ ಇನ್ನೆರಡು ಬಿಡಲೇ."

ಗುಂಡ್ಯಾ ಅಂದ್ರ ನಮ್ಮ ಟೈಗರ್ ಆಸ್ಕರ್. ಮೂತಿಯಿಂದ ಬಾಲದ ತನಕ 11 ಇಂಚು. ಸಿಕ್ಲಿಡ್ ಅನ್ನೋ ದೊಡ್ಡ ಕುಟುಂಬದ ಮೀನು, ಮೂಲ ದಕ್ಷಿಣ ಅಮೆರಿಕದ ಅಮೆಜಾನ್ ಕಡೆ. ನಾನು ಓದಾಕ ಕುಂತ್ರ ಗಾಜಿನ ಹತ್ರ ಬಂದು ನಿಂತು ನೋಡ್ತಾನ. ಕಾಳಿನ ಡಬ್ಬಿ ಸಪ್ಪಳ ಆದ್ರ ತಿರುಗ್ತಾನ. ಅವ್ವ ಬಂದ್ರ ಒಂದು ನಮೂನಿ, ನಾ ಬಂದ್ರ ಇನ್ನೊಂದು ನಮೂನಿ. ನಾಯಿಮರಿ ಹಂಗ ಕಾಣ್ತಾನ, ಅದಕ್ಕ ನಿಮಗೆಲ್ಲ ಅವನು ಒಂಟಿ ಅನ್ನಿಸ್ತಾನ.

ಮೂರನೇ ಫೋಟೋ ಝೂಮ್ ಮಾಡಿ ನೋಡ್ರಿ. ಕಣ್ಣಿನ ಮ್ಯಾಲೆ ದಬ್ಬಣದಿಂದ ಚುಚ್ಚಿದಂಗ ಎರಡು ಕುಳಿ ಅದಾವ. ತಂದಾಗ ಅವು ಇದ್ದಿಲ್ಲ. ಅವನಿಗೆ ಜೋಡಿ ಇದ್ದ ಕಾಲದ ಗುರುತು ಅವು.

2/6

ಎರಡು ವರ್ಷದ ಹಿಂದ, ಗಣಪತಿ ಹಬ್ಬ ಮುಗಿದ ವಾರ. ಹುಬ್ಬಳ್ಳಿಗೆ ಹೋಗಿದ್ದೆ, ಕೂಡಿಟ್ಟ ರೊಕ್ಕ ಕಿಸೆದಾಗಿತ್ತು. ಅಂಗಡಿಯೊಳಗ ಎರಡಿಂಚಿನ ಆಸ್ಕರ್ ಮರಿಗಳು, ಕರಿ ಮೈ ಮ್ಯಾಲೆ ಕೇಸರಿ ಗೀರು. ಒಂದು ಸಾಕಿತ್ತು. ಮೂರು ತಗೊಂಡೆ, ಮ್ಯಾಲೆ ಒಂದು ಸಕ್ಕರ್ ಮೀನು ಫ್ರೀ. ಮನ್ಯಾಗ ಇದ್ದದ್ದು ಎರಡಡಿ ಉದ್ದ, ಒಂದಡಿ ಅಗಲದ ಟ್ಯಾಂಕ್. ಕಲ್ಲು ಹಾಕಿ ತುಂಬಿದರೆ 60 ಲೀಟರ್ ನೀರು. "ಟ್ಯಾಂಕ್ ಎಷ್ಟೋ ಮೀನು ಅಷ್ಟೇ ಬೆಳಿತಾವ" ಅಂತ ಅಂಗಡ್ಯಾಗ ಅಂದ್ರು. ನನಗೂ ಅದೇ ಮಾತು ಬೇಕಾಗಿತ್ತು, ತಿರುಗಿ ಒಂದು ಪ್ರಶ್ನೆ ಕೇಳಲಿಲ್ಲ.

ಅವು ಬೆಳೆದುವು. ಸಂಕ್ರಾಂತಿ ಹೊತ್ತಿಗೆ ನಾಲ್ಕಿಂಚು, ಯುಗಾದಿ ದಾಟಿದ ಮ್ಯಾಲೆ ಆರಿಂಚು. ಅಷ್ಟರೊಳಗ ಗುಂಡ್ಯಾನ ತಲಿ ಮ್ಯಾಲೆ ಬಿಳಿ ಚುಕ್ಕಿ ಕಂಡು, ಆಮೇಲೆ ಕುಳಿ ಬಿತ್ತು. ನಾನು ಔಷಧ ಹಾಕಿದೆ. ನೀರು ಬದಲಿ ಮಾಡಲಿಲ್ಲ, ಯಾಕಂದ್ರ ನಳ ಬಂದು ಹನ್ನೆರಡು ದಿನ ಆಗಿತ್ತು.

ಮೇ ತಿಂಗಳು. ಹಗಲೆಲ್ಲ 40 ಡಿಗ್ರಿ ಹತ್ರ ಕಾಯ್ದ ಮನಿ. ರಾತ್ರಿ ಗಾಳಿ-ಗುಡುಗು ಶುರುವಾಗಿ ಕರೆಂಟ್ ಹೋತು. ನಾವೆಲ್ಲ ಮಾಳಗಿ ಮ್ಯಾಲೆ ಮಲಗಾಕ ಹೋದ್ವಿ. ತಂಪಾಗಿತ್ತು, ಚೊಲೋ ನಿದ್ದಿ ಬಂತು. ಬೆಳಗ್ಗೆ ಇಳಿದು ನೋಡಿದ್ರ ಎರಡು ಆಸ್ಕರ್ ಅಂಗಾತ ತೇಲಾಕತ್ತಿದ್ವು, ಸಕ್ಕರ್ ತಳದಾಗ ಬಿದ್ದಿತ್ತು. ಗುಂಡ್ಯಾ ಒಬ್ಬನೇ ಮೂಲ್ಯಾಗ ಬಾಯಿ ಮ್ಯಾಲೆ ಮಾಡಿ ಗುಳು ಗುಳು ಗಾಳಿ ಎಳ್ಕೊಳ್ಳಾಕತ್ತಿದ್ದ. ಸತ್ತವನ್ನ ಹಿತ್ತಲದಾಗ ಕರಿಬೇವಿನ ಬುಡಕ್ಕ ಹೂಳಿದೆ. ಅವತ್ತು ಪರೀಕ್ಷೆ ಇತ್ತು. ಏನು ಬರೆದೆ ಅಂತ ಇವತ್ತಿಗೂ ನೆನಪಿಲ್ಲ.

3/6

ಕೊಂದಿದ್ದು ಕರೆಂಟ್ ಅಲ್ಲ. ಅದೊಂದು ನೆವ. ಒಂಟಿ ಮೀನು ಇದ್ದ ದೊಡ್ಡ ಟ್ಯಾಂಕ್ ಆಗಿದ್ರ ಆ ರಾತ್ರಿ ಆರಾಮ ದಾಟುತ್ತಿತ್ತು. ಇದನ್ನ ತಿಳ್ಕೊಳ್ಳಾಕ ನನಗ ಆರು ತಿಂಗಳು ಬೇಕಾತು. ನಿಮಗ ಎರಡು ನಿಮಿಷ ಸಾಕು.

ಮೊದಲು ಉದ್ದದ ಮೋಸ. ಎರಡಿಂಚಿನ ಮೀನು ಆರಿಂಚು ಆದ್ರ ಮೂರು ಪಟ್ಟು ಬೆಳೀತು ಅಂತೀವಿ. ಆದರೆ ಅದು ಉದ್ದ ಅಷ್ಟೇ ಆಗಲ್ಲ, ಎತ್ತರನೂ ಆಗ್ತದ, ದಪ್ಪನೂ ಆಗ್ತದ. ಮೂರು ಗುಣಿಲೆ ಮೂರು ಗುಣಿಲೆ ಮೂರು, ತೂಕ 27 ಪಟ್ಟು. ಹನ್ನೆರಡಿಂಚು ಆದ್ರ 216 ಪಟ್ಟು. ತಿನ್ನೋದು, ಹೇಲೋದು, ಉಸಿರಾಡೋದು ಎಲ್ಲಾ ತೂಕದ ಲೆಕ್ಕದಾಗ ಏರ್ತದ, ಸ್ಕೇಲ್ ಹಿಡಿದು ಅಳೆದ ಉದ್ದದ ಲೆಕ್ಕದಾಗ ಅಲ್ಲ. ಹಂಗಾಗಿ ರೀಲ್ಸ್‌ನ್ಯಾಗ ಬರೋ "ಒಂದಿಂಚಿಗೆ ಒಂದು ಗ್ಯಾಲನ್" ಅನ್ನೋ ಸೂತ್ರ ಸಣ್ಣ ಗಪ್ಪಿ ಮೀನಿಗೆ ನಡೀಬಹುದು, ಆಸ್ಕರ್‌ಗೆ ಸುಳ್ಳು.

ಎರಡನೇದು, ಕಣ್ಣಿಗೆ ಕಾಣದ ಹೊಲಸು. ಮೀನು ಕಿವಿರಿನಿಂದ ಅಮೋನಿಯ ಬಿಡ್ತದ. ಫಿಲ್ಟರ್ ಸ್ಪಂಜಿನಾಗಿರೋ ಬ್ಯಾಕ್ಟೀರಿಯಾ ಅದನ್ನ ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡ್ತಾವ. ಅಮೋನಿಯ, ನೈಟ್ರೈಟ್ ಎರಡೂ ವಿಷ. ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲ, ಆದರೆ ಅದು ತಾನಾಗೇ ಎಲ್ಲೂ ಹೋಗಲ್ಲ, ನೀರು ಬದಲಿ ಮಾಡಿದ್ರ ಮಾತ್ರ ಹೋಗ್ತದ. ಇಲ್ಲೇ ನಮ್ಮ ಕಡೆಯವರಿಗೆ ಒಂದು ಹೆಚ್ಚಿನ ಪೆಟ್ಟು. ನಮ್ಮ ಬೋರ್‌ವೆಲ್ ನೀರು ಗಡಸು, ಕ್ಷಾರದ್ದು. ಹೀಟರ್ ಮ್ಯಾಲೆ ಬಿಳಿ ಪದರು ಕಟ್ಟೋದನ್ನ ನೋಡೀರಿ. ಪಿಎಚ್ 7 ಇದ್ದಲ್ಲಿ ಎಷ್ಟು ಅಮೋನಿಯ ವಿಷದ ರೂಪದಾಗ ಇರ್ತದೋ, ಪಿಎಚ್ 8 ಆದ್ರ ಅದರ ಹತ್ತು ಪಟ್ಟಿನ ಹತ್ರ ಹೋಗ್ತದ. ಬಿಸಿಲು ಏರಿದ್ರ ಇನ್ನೂ ಜಾಸ್ತಿ.

ಮೂರನೇದು ಗಾಳಿ. 20 ಡಿಗ್ರಿ ನೀರು ಲೀಟರಿಗೆ 9 ಮಿಲಿಗ್ರಾಂ ಆಮ್ಲಜನಕ ಹಿಡೀತದ, 30 ಡಿಗ್ರಿಗೆ ಏಳೂವರೆ. ನೀರು ಕಾದಷ್ಟೂ ಗಾಳಿ ಕಡಿಮಿ, ಆದರೆ ಮೀನಿನ ಉಸಿರು ಮಾತ್ರ ಜೋರು. ಅದರಾಗ 60 ಲೀಟರಿಗೆ ಮೂರು ಆಸ್ಕರ್, ಪಂಪ್ ಬಂದ್. ಇನ್ನು ನೀವೇ ಲೆಕ್ಕ ಹಾಕ್ರಿ.

4/6

ಈಗ ಮುಖ್ಯ ಮಾತು. ಬ್ಯಾರೆ ಊರಿನವರು ಟ್ಯಾಂಕ್ ಲೆಕ್ಕ ಹಾಕ್ತಾರ. ನಾವು ಕೊಡದ ಲೆಕ್ಕ ಹಾಕ್ಬೇಕು.

ಒಂದೇ ಒಂದು ಆಸ್ಕರ್‌ಗೆ ಕನಿಷ್ಠ 280-300 ಲೀಟರ್ ಬೇಕು. ಗುಂಡ್ಯಾನ ಈಗಿನ ಮನಿ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಎರಡಡಿ ಎತ್ತರ. ಒಂದು ಘನ ಅಡಿಗೆ 28 ಲೀಟರ್ ಚಿಲ್ಲರೆ, ಅಂದ್ರ 340 ಲೀಟರ್. ವಾರಕ್ಕ ಮೂರರಲ್ಲಿ ಒಂದು ಪಾಲು ಬದಲಿ ಮಾಡಿದ್ರ 110 ಲೀಟರ್. 15 ಲೀಟರಿನ ಪ್ಲಾಸ್ಟಿಕ್ ಕೊಡದಾಗ ಏಳೂವರೆ ಕೊಡ. ಇದು ಒಂದು ಮೀನಿಗೆ. ಜೋಡಿಗೆ ಇನ್ನೆರಡು ಬಿಟ್ರ?

ಮುಂಡರಗಿ ತಾಲೂಕಿನ ಹಮ್ಮಿಗಿ ಬ್ಯಾರೇಜ್‌ನಿಂದ ತುಂಗಭದ್ರಾ ನೀರು ಅಷ್ಟು ದೂರ ಹರಿದು ಗದಗ-ಬೆಟಗೇರಿಗೆ ಬರಬೇಕು. ನಮ್ಮ ಓಣ್ಯಾಗ ಎಂಟು ದಿನಕ್ಕ ಬಂದ್ರ ಹಬ್ಬ. ಬ್ಯಾಸಗಿಯೊಳಗ ಹದಿನೈದು ದಿನ ಆದ್ರೂ ಯಾರೂ ಆಶ್ಚರ್ಯ ಪಡಲ್ಲ. ಅಂಥಾದ್ದರಾಗ "ಮೀನಿಗೆ ಏಳು ಕೊಡ" ಅಂದಾಗ ನಮ್ಮವ್ವ ಹೇಳಿದ್ದು ಒಂದೇ ಮಾತು: "ನಾ ಹೊತ್ತ ನೀರು ನೀ ಗಟಾರಕ್ಕ ಚೆಲ್ತಿ?" ಅವಳದು ತಪ್ಪಿಲ್ಲ. ಅದಕ್ಕ ನಾನು ಎರಡು ಕೆಲಸ ಮಾಡ್ದೆ. ಗುಂಡ್ಯಾಗ ಬ್ಯಾರೆ 200 ಲೀಟರಿನ ಬ್ಯಾರಲ್ ಇಟ್ಟು, ನಳ ಬಂದ ರಾತ್ರಿ ನಾನೇ ಎದ್ದು ತುಂಬಿಸ್ತೀನಿ. ಅದು ಒಂದು ದಿನ ಬಾಯಿ ತೆರೆದು ನಿಂತ್ರ ಕ್ಲೋರಿನ್ ವಾಸನಿ ಹೋಗ್ತದ. ಅಂಗಡ್ಯಾಗ ಸಿಗೋ ಆಂಟಿ-ಕ್ಲೋರಿನ್ ಹನಿನೂ ಹಾಕ್ತೀನಿ. ಎರಡನೇದು, ತೆಗೆದ ನೀರು ಗಟಾರಕ್ಕ ಹೋಗಲ್ಲ. ಪೈಖಾನಿಗೆ, ಅಂಗಳ ಸಾರಿಸಾಕ, ಗಿಡಕ್ಕ. ನೈಟ್ರೇಟ್ ಅಂದ್ರ ಗಿಡಕ್ಕ ಗೊಬ್ಬರ. ನಮ್ಮ ಕರಿಬೇವು ಈಗ ಕಾಂಪೌಂಡ್ ದಾಟೇತಿ, ಓಣ್ಯಾಗಿನ ಮಂದಿ ಒಗ್ಗರಣಿಗೆ ಇಲ್ಲೇ ಬರ್ತಾರ. ಅವ್ವ ಈಗ ಬೈಯಲ್ಲ.

ಇನ್ನೊಂದು, ಮರೆತಿದ್ದೆ. ಫಿಲ್ಟರ್ ಸ್ಪಂಜ್ ನಳದ ನೀರಾಗ ತೊಳೀಬ್ಯಾಡ್ರಿ, ಕ್ಲೋರಿನ್‌ಗೆ ಆ ಬ್ಯಾಕ್ಟೀರಿಯಾ ಸಾಯ್ತಾವ. ಟ್ಯಾಂಕ್‌ನಿಂದ ತೆಗೆದ ಬಕೆಟ್ ನೀರಾಗ ಹಿಂಡ್ರಿ, ಸಾಕು.

ಇಷ್ಟು ಮಾಡಿದ ಮ್ಯಾಲೆ ಗುಂಡ್ಯಾನ ಕುಳಿ ಬೆಳೆಯೋದು ನಿಂತು. ನಾಲ್ಕೈದು ತಿಂಗಳಿಗೆ ಮಾಯ್ದುವು, ಕಲೆ ಮಾತ್ರ ಉಳೀತು. ಔಷಧದ ಬಾಟಲಿ ಇನ್ನೂ ಅರ್ಧ ಹಂಗೇ ಐತಿ.

5/6

ನಿಮ್ಮ ಮೆಸೇಜ್‌ಗಳಿಗೆ.

ಲಕ್ಷ್ಮೇಶ್ವರದ ಗೆಳೆಯಾ, ನೀ ಕಳಿಸಿದ ರೀಲ್‌ನ್ಯಾಗ ನಲವತ್ತು ಮೀನು ಗಿಜಿಗುಡುತ್ತಿದ್ದದ್ದು ಖರೇ. ಅವು ಆಫ್ರಿಕಾದ ಮಲಾವಿ ಸರೋವರದ ಎಂಬೂನಾ ಸಿಕ್ಲಿಡ್, ಹೆಚ್ಚಿಗೆ ನಾಲ್ಕೈದು ಇಂಚು. ಒಂದರ ಮ್ಯಾಲೇ ಜಗಳ ಬೀಳಬಾರದು ಅಂತ ಬೇಕಂತಲೇ ಹೆಚ್ಚು ಬಿಡ್ತಾರ. ಆದರೆ ಆ ಟ್ಯಾಂಕ್ ಹಿಂದಿನ ಫಿಲ್ಟರ್, ವಾರ ವಾರ ಬದಲಾಗೋ ನೀರು ರೀಲ್‌ನ್ಯಾಗ ಕಾಣಲ್ಲ. ನಮ್ಮ ಕ್ಷಾರದ ನೀರು ಅವಕ್ಕ ಒಗ್ಗತದ, ಅದನ್ನ ಒಪ್ಪಿನಿ. ನೀರು ಎಲ್ಲಿಂದ ತರ್ತಿ ಅನ್ನೋದನ್ನ ಹೇಳು. ಮತ್ತ ನಿನ್ನ ರೂಮ್ ಹಳೇ ಮಾಳಗಿ ಮನಿ ಮ್ಯಾಲಿನ ಅಟ್ಟ. 340 ಲೀಟರ್ ಅಂದ್ರ ನೀರೇ 340 ಕೆಜಿ, ಗಾಜು-ಸ್ಟ್ಯಾಂಡ್-ಕಲ್ಲು ಬ್ಯಾರೆ. ಕೆಳಗ ನಿಮ್ಮ ಅಜ್ಜಿ ಮಲಗ್ತಾಳ.

ಶಿರಹಟ್ಟಿಯಿಂದ ಬಸ್ಸಿಗೆ ಬರೋ ನಮ್ಮ ಕ್ಲಾಸಿನ ಹುಡುಗಿ ಫ್ಲವರ್‌ಹಾರ್ನ್ ಬಗ್ಗೆ ಕೇಳ್ಯಾಳ. ಅದು ಯಾವ ಹೊಳಿಯೊಳಗೂ ಹುಟ್ಟಿದ್ದಲ್ಲ, 1990ರ ದಶಕದಾಗ ಮಲೇಷ್ಯಾದವರು ಸಿಕ್ಲಿಡ್‌ಗಳನ್ನ ಕೂಡಿಸಿ ಮಾಡಿದ ತಳಿ. ತಲಿ ಮ್ಯಾಲಿನ ಗುಬಟಿ ಅದೃಷ್ಟ ತರ್ತದ ಅಂತ ಮಾರ್ತಾರ. ಅದೃಷ್ಟ ಗೊತ್ತಿಲ್ಲ, ಸಿಟ್ಟು ಮಾತ್ರ ಗ್ಯಾರಂಟಿ. ಒಂದು ಟ್ಯಾಂಕಿಗೆ ಒಂದೇ. ಗಾಜಿನಾಗ ತನ್ನ ನೆರಳು ಕಂಡ್ರೂ ಗುದ್ದತದ. ಗುಂಡ್ಯಾನೂ ಈಗ ಹಂಗೇ. ಬ್ಯಾರೆ ಮೀನು ಅವನಿಗೆ ಗೆಳೆಯ ಅಲ್ಲ, ಜಾಗಾ ಕಸಿಯಾಕ ಬಂದವ.

ಊಟ: ಪೆಲೆಟ್. ಚಿಕನ್, ಮಟನ್ ಚೂರು ಹಾಕಬ್ಯಾಡ್ರಿ, ಆ ಕೊಬ್ಬು ಮೀನಿಗೆ ಕರಗಲ್ಲ. ಜೀವಂತ ಗೋಲ್ಡ್‌ಫಿಶ್ ಹಾಕಿ ವಿಡಿಯೋ ಮಾಡೋದಂತೂ ಬ್ಯಾಡೇ ಬ್ಯಾಡ, ರೋಗ ನೀವೇ ರೊಕ್ಕ ಕೊಟ್ಟು ತಂದಂಗ.

6/6

ಮುಂಡರಗಿ ದೋಸ್ತನ ಮೆಸೇಜ್ ಓದಿ ರಾತ್ರಿ ನಿದ್ದಿ ಬರಲಿಲ್ಲ. ಅವನ ಹತ್ರ ಐದು ಆಸ್ಕರ್ ಅದಾವ, ಮೂರಡಿ ಟ್ಯಾಂಕ್. "ಕಷ್ಟ ಆಗೇತಿ, ರವಿವಾರ ಹೊಳಿಗೆ ಬಿಟ್ಟು ಬರ್ತೀನಿ, ಆರಾಮ ಇರ್ತಾವ" ಅಂದಾನ.

ಬಿಡಬ್ಯಾಡೋ. 1952ರಲ್ಲಿ ಭಾರತಕ್ಕ ಇನ್ನೊಂದು ಸಿಕ್ಲಿಡ್ ತಂದ್ರು, ತಿಲಾಪಿಯಾ, ನಾವು ಜಿಲೇಬಿ ಅಂತೀವಲ್ಲ ಅದು. ಕೆರಿ-ಹೊಳಿ ಸೇರಿದ ಮ್ಯಾಲೆ ಅದನ್ನ ಯಾರೂ ಹಿಂದಕ್ಕ ಕರೀಲಿಲ್ಲ. ಅಮೆರಿಕದ ಫ್ಲಾರಿಡಾದ ಕಾಲುವೆಗಳಾಗ ಇದೇ ಆಸ್ಕರ್ ಬೀಡು ಬಿಟ್ಟೇತಿ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರಿ, ಚಳಿಗಾಲದಾಗ ಪಟ್ಟೆತಲೆ ಹೆಬ್ಬಾತು ನೋಡಾಕ ನಾವೆಲ್ಲ ಹೋಗಿದ್ವಲ್ಲ, 2024ರಾಗ ಅದಕ್ಕ ರಾಮ್ಸಾರ್ ಪಟ್ಟ ಸಿಕ್ಕೇತಿ. ಅಲ್ಲಿಗೂ ಯಾರರೆ ಒಂದು ದಿನ ಪ್ಲಾಸ್ಟಿಕ್ ಚೀಲ ಹಿಡ್ಕೊಂಡು ಹೋಗ್ತಾರ ಅಂತ ನನಗ ಹೆದರಿಕಿ. ಕರ್ನಾಟಕಕ್ಕ ತನ್ನದೇ ಒಂದು ಸಿಕ್ಲಿಡ್ ಐತಿ ಅಂತ ನಿಮಗ ಗೊತ್ತೇನು? ಕೆನರಾ ಪರ್ಲ್‌ಸ್ಪಾಟ್. ಅಂಗೈಯಷ್ಟೇ ಇರ್ತದ, ದಕ್ಷಿಣ ಕನ್ನಡದ ಹೊಳಿಗಳ ಮೀನು, 1877ರಲ್ಲಿ ಫ್ರಾನ್ಸಿಸ್ ಡೇ ಅದಕ್ಕ ಹೆಸರಿಟ್ಟ. ಈಗ ಅಳಿವಿನಂಚಿನ ಪಟ್ಟಿಯೊಳಗ ಐತಿ. ಹೊಳಿ ಖಾಲಿ ಜಾಗಾ ಅಲ್ಲೋ, ಅಲ್ಲಿ ಮೊದಲೇ ಮಂದಿ ಅದಾರ.

ನಾನು ಎರಡು ಕಡೆ ಫೋನ್ ಹಚ್ಚೀನಿ. ಹುಬ್ಬಳ್ಳಿಯ ಒಬ್ಬರ ಹತ್ರ ಆರಡಿ ಟ್ಯಾಂಕ್ ಐತಿ, ಎರಡು ತಗೋತೀನಿ ಅಂದಾರ. ಒಂದು ಅಂಗಡಿಯವರು ಇನ್ನೆರಡು ವಾಪಸ್ ತಗೋತಾರ, ರೊಕ್ಕ ಕೊಡಲ್ಲ. ಒಂದು ನೀ ಇಟ್ಕೊ. ರವಿವಾರ ನಾನೇ ಮುಂಡರಗಿಗೆ ಬರ್ತೀನಿ, ದೊಡ್ಡ ಡಬ್ಬಿ, ಬ್ಯಾಟರಿ ಏರ್ ಪಂಪ್ ಎರಡೂ ತರ್ತೀನಿ. ಹಿಂದಿನ ದಿನ ಊಟ ಹಾಕಬ್ಯಾಡ, ದಾರ್ಯಾಗ ನೀರು ಹೊಲಸು ಮಾಡ್ತಾವ.

ಉಳಿದವರು ನಿಮ್ಮ ಟ್ಯಾಂಕಿನ ಉದ್ದ-ಅಗಲ-ಎತ್ತರ, ಎಷ್ಟು ಮೀನು, ನಿಮ್ಮ ಓಣ್ಯಾಗ ನಳ ಎಷ್ಟು ದಿನಕ್ಕ ಬರ್ತದ, ಮೂರೂ ಕಾಮೆಂಟ್ ಹಾಕ್ರಿ. ಎಷ್ಟು ಕೊಡ ಅಂತ ನಾ ಲೆಕ್ಕ ಮಾಡಿ ಹೇಳ್ತೀನಿ. ಈಗ ಹೋಗ್ತೀನಿ, ನಳ ಬಂತಂತ ಅವ್ವ ಕೂಗಾಕತ್ತಾಳ.