ಕಹಿಯ ಗುರುತು

ಆಷಾಢದ ಮಳೆ ಹಿಡಿದರೆ ಕುಂದಾಪುರದ ಕಡೆಯ ಮನೆಗಳಲ್ಲಿ ಒಲೆಯ ಒಂದು ಬದಿ ಕಷಾಯಕ್ಕೇ ಮೀಸಲು. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಬೀಳುವ ಸೀಮೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಬಟ್ಟೆ ಒಣಗದು, ಸೌದೆ ಹತ್ತದು, ಮಕ್ಕಳ ಮೂಗು ಸೋರುವುದು ನಿಲ್ಲದು. ನೆಗಡಿಗೆ ದೊಡ್ಡಪತ್ರೆಯ ರಸ, ಕೆಮ್ಮಿಗೆ ಶುಂಠಿ-ಕಾಳುಮೆಣಸು, ಅಜೀರ್ಣಕ್ಕೆ ಓಮ, ಪಿತ್ತಕ್ಕೆ ಮುರುಗಲಿನ ಸಾರು: ಅಮ್ಮಮ್ಮನ ಈ ಔಷಧಾಲಯಕ್ಕೆ ಬೀಗವಿಲ್ಲ, ಬೆಲೆಪಟ್ಟಿಯೂ ಇಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಕಟ್ಟಿದ ಪುಣ್ಯಾತ್ಮ ಈ ಕಡೆಗೆ ಬಂದಿರಲಾರ.

ಇಲ್ಲಿ ದೇವರ ಸನ್ನಿಧಿಯಲ್ಲೂ ಕಷಾಯಕ್ಕೆ ಸ್ಥಾನವುಂಟು. ಬೈಂದೂರು ತಾಲ್ಲೂಕಿನ ಕೊಲ್ಲೂರಿನಲ್ಲಿ ರಾತ್ರಿಪೂಜೆಯ ತರುವಾಯ ಭಕ್ತರಿಗೆ ಕಷಾಯತೀರ್ಥವನ್ನು ಕೊಡುತ್ತಾರೆ. ಶಂಕರಾಚಾರ್ಯರು ಅಸ್ವಸ್ಥರಾಗಿದ್ದಾಗ ಮೂಕಾಂಬಿಕೆಯೇ ಕಷಾಯ ಮಾಡಿಕೊಟ್ಟಳೆಂಬುದು ಸ್ಥಳದ ಐತಿಹ್ಯ. ಅಲ್ಲಿ ಹರಿಯುವ ಸೌಪರ್ಣಿಕೆಯೂ 64 ಬಗೆಯ ಮೂಲಿಕೆಗಳ ಸಾರವನ್ನು ಹೊತ್ತು ಬರುತ್ತಾಳೆಂದು ಜನರ ನಂಬಿಕೆ.

ಆದರೆ ಕಷಾಯಗಳಿಗೆಲ್ಲ ಅರಸನೆಂದರೆ ಆಷಾಢದ ಅಮಾವಾಸ್ಯೆಯ ಕಷಾಯ. ತುಳುವರು ಆಟಿ ಎನ್ನುವುದನ್ನು ಕುಂದಾಪುರದವರು ಆಸಾಡಿ ಎನ್ನುತ್ತಾರೆ. ಅಂದು ಮರವಂತೆಯಲ್ಲಿ ಸಾವಿರಾರು ಜನ ಸಮುದ್ರಸ್ನಾನ ಮಾಡಿದರೆ, ಮನೆಮನೆಗಳಲ್ಲಿ ಹಾಲೆ ಮರದ ಕೆತ್ತೆಯ ಕಷಾಯ ಕುದಿಯುತ್ತದೆ. ಸೂರ್ಯೋದಯಕ್ಕೆ ಮುನ್ನವೇ ಮರದ ಬಳಿಗೆ ಹೋಗಬೇಕು. ಕಬ್ಬಿಣ ತಾಗಿಸದೆ ಕಲ್ಲಿನಿಂದಲೇ ತೊಗಟೆಯನ್ನು ಜಜ್ಜಿ ತೆಗೆಯಬೇಕು. ಅದಕ್ಕೆ ಬೆಳ್ಳುಳ್ಳಿ, ಓಮ, ಕಾಳುಮೆಣಸು, ಅರಿಸಿನ ಸೇರಿಸಿ ಕಾಯಿಸಿ, ಕೆಂಡದಲ್ಲಿ ಕಾದ ಬೆಣಚುಕಲ್ಲನ್ನು ಅದರಲ್ಲಿ ಅದ್ದುವುದುಂಟು. ಬರಿಹೊಟ್ಟೆಗೆ ಒಂದಿಷ್ಟು ಕುಡಿದವನ ಮುಖವನ್ನು ನೋಡಿ ನಗದ ಮನೆಯಿಲ್ಲ. ಮರುಗಳಿಗೆಯಲ್ಲಿ ನಕ್ಕವನ ಸರದಿ. ಬಳಿಕ ಒಡಲಿಗೆ ತಂಪೆಂದು ಮೆಂತೆಯ ಗಂಜಿ.

ಈ ಮರ ಸಾಮಾನ್ಯದ್ದಲ್ಲ. ಸಂಸ್ಕೃತದಲ್ಲಿ ಸಪ್ತಪರ್ಣ, ಒಂದೊಂದು ಗಣ್ಣಿನಲ್ಲಿ ನಾಲ್ಕರಿಂದ ಏಳು ಎಲೆಗಳು ಕೊಡೆಯ ಕಡ್ಡಿಗಳಂತೆ ಸುತ್ತಲೂ ಹರಡಿರುತ್ತವೆ. ಲಿನೇಯಸನು 1767ರಲ್ಲಿ ಇದಕ್ಕೆ ‘ಸ್ಕೊಲಾರಿಸ್’ ಎಂದು ಹೆಸರಿಟ್ಟನು. ಇದರ ಹಗುರವಾದ ಮರದಿಂದ ಮಕ್ಕಳು ಬರೆಯುವ ಹಲಗೆಗಳನ್ನು ಮಾಡುತ್ತಿದ್ದರು. ತೊಗಟೆಯ ಕಹಿಯನ್ನು ಕಂಡು ವೈದ್ಯರು ಒಂದು ಕಾಲದಲ್ಲಿ ಇದನ್ನು ಚಳಿಜ್ವರಕ್ಕೆ ಕ್ವಿನೈನಿನ ಬದಲಾಗಿ ಬಳಸಿ ನೋಡಿದರು. ಕ್ವಿನೈನಿನ ಸಾಮರ್ಥ್ಯ ಇದರಲ್ಲಿ ಕಾಣಲಿಲ್ಲ. ಒಮ್ಮೆ ಕುಡಿದರೆ ವರ್ಷವಿಡೀ ರೋಗ ಬಾರದೆಂಬುದು ನಂಬಿಕೆಯ ಮಾತು. ವೈದ್ಯವಿಜ್ಞಾನ ಅದಕ್ಕೆ ಸಾಕ್ಷಿ ಹೇಳುವುದಿಲ್ಲ.

ಹಾನಿಯಿಲ್ಲದಿದ್ದರೆ ನಂಬಿಕೆಯೊಡನೆ ಜಗಳವೇಕೆ ಎನ್ನಬಹುದು. ಹಾನಿ ಇರುವುದು ಕತ್ತಲೆಯಲ್ಲಿ. ಇದೇ ಗುಡ್ಡಗಳಲ್ಲಿ ಕಾಸರಕವೆಂಬ ಇನ್ನೊಂದು ಮರವೂ ಬೆಳೆಯುತ್ತದೆ. ಅದರ ಕಿತ್ತಳೆಬಣ್ಣದ ಗುಂಡು ಹಣ್ಣು ನೋಡಲು ಚೆಂದ. ಅದರ ಬೀಜದಲ್ಲಿಯೂ ತೊಗಟೆಯಲ್ಲಿಯೂ ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ವಿಷಗಳಿವೆ. ಅದು ಹೊಟ್ಟೆ ಸೇರಿದರೆ ಅರ್ಧ ಗಂಟೆಯೊಳಗೇ ಮೈ ಸೆಡೆತು ಬಿಲ್ಲಿನಂತೆ ಬಾಗಬಹುದು, ಉಸಿರು ಕಟ್ಟಬಹುದು. ಹಾಲೆಯೆಂದು ಬೇರೆ ಮರದ ಕೆತ್ತೆಯನ್ನು ಕಾಯಿಸಿ ಕುಡಿದು ಆಸ್ಪತ್ರೆ ಸೇರಿದವರ, ಪ್ರಾಣ ಕಳೆದುಕೊಂಡವರ ಸುದ್ದಿ ಕರಾವಳಿಗೆ ಹೊಸದಲ್ಲ.

ಫ್ರಾನ್ಸಿನ ಪೆಲೆಟಿಯೆ ಮತ್ತು ಕಾವೆಂಟೂ ಎಂಬ ಇಬ್ಬರು ರಸಾಯನಜ್ಞರು 1818ರಲ್ಲಿ ಸ್ಟ್ರಿಕ್ನಿನ್ ವಿಷವನ್ನು ಬೇರ್ಪಡಿಸಿದರು. 1820ರಲ್ಲಿ ಅವರೇ ಕ್ವಿನೈನನ್ನೂ ಬೇರ್ಪಡಿಸಿದರು. ಒಂದು ಕೊಲ್ಲುವ ಕಹಿ, ಇನ್ನೊಂದು ಕಾಯುವ ಕಹಿ. ನಾಲಿಗೆಗೆ ಎರಡೂ ಬರಿಯ ಕಹಿಯೇ. ‘ಕಹಿಯಾದದ್ದೆಲ್ಲ ಮದ್ದು’ ಎಂದು ನಂಬಿದವನನ್ನು ನಾಲಿಗೆ ಕಾಪಾಡಲಾರದು.

ಹಿಂದಿನವರನ್ನು ಕಾಪಾಡಿದ್ದು ಗುರುತು. ಕೆಲವು ಕಡೆ ಹಿಂದಿನ ದಿನದ ಬೆಳಕಿನಲ್ಲೇ ಹೋಗಿ, ಮರಕ್ಕೆ ಕೈಮುಗಿದು ನೂಲು ಕಟ್ಟಿ ಬರುವ ರೂಢಿಯಿದೆ. ಭಕ್ತಿಯ ಹೆಸರಿನ ಆ ನೂಲು ಕತ್ತಲೆಯಲ್ಲಿ ಕೈಗೆ ದಾರಿ ತೋರಿಸುತ್ತಿತ್ತು. ಗಾಯಗೊಂಡ ಹಾಲೆ ಹಾಲು ಸುರಿಸುತ್ತದೆ, ಕಾಸರಕದಲ್ಲಿ ಹಾಲಿಲ್ಲ. ಕಾಸರಕದ ಎಲೆಗಳು ಜೋಡಿಜೋಡಿ, ಪ್ರತಿ ಎಲೆಯ ಬುಡದಿಂದಲೇ ಮೂರರಿಂದ ಐದು ನರಗಳು ಹೊರಡುತ್ತವೆ. ಅಜ್ಜಯ್ಯ ಇದನ್ನು ಮೊಮ್ಮಗನಿಗೆ ಕಲಿಸಿದ್ದು ಮರದ ಕೆಳಗೆ ನಿಲ್ಲಿಸಿಕೊಂಡು. ಈಗ ಮೊಮ್ಮಗ ಬೆಂಗಳೂರಿನಲ್ಲಿದ್ದಾನೆ. ಆಚಾರವೊಂದೇ ಅವನ ಪೆಟ್ಟಿಗೆಯಲ್ಲಿ ಹೋಯಿತು, ಗುರುತು ಗುಡ್ಡದಲ್ಲೇ ಉಳಿಯಿತು. ಯಾರೋ ಕೊಟ್ಟ ಕೆತ್ತೆಯ ತುಂಡಿಗೆ ಎಲೆಯೂ ಇಲ್ಲ, ಹಾಲೂ ಇಲ್ಲ. ಮರವನ್ನು ಕಣ್ಣಾರೆ ಕಂಡವರು ತಂದದ್ದಲ್ಲವಾದರೆ ಆ ವರ್ಷ ಮೆಂತೆಯ ಗಂಜಿಯಲ್ಲೇ ಹಬ್ಬ ಮುಗಿಸುವುದು ಜಾಣತನ. ಎಳೆಯರಿಗೂ ಗರ್ಭಿಣಿಯರಿಗೂ ವೈದ್ಯರನ್ನು ಕೇಳದೆ ಇದನ್ನು ಕುಡಿಸಬಾರದು.

ರೋಗಕ್ಕೂ ಇಂಥದೇ ಗುರುತು ಬೇಕು. ಬ್ರಹ್ಮಾವರದ ಕಡೆಯ ಗದ್ದೆಗಳಲ್ಲಿ ಬರಿಗಾಲಿನಲ್ಲಿ ನಾಟಿ ಮಾಡಿದವರಿಗೆ ಮಳೆಗಾಲದಲ್ಲಿ ಜ್ವರ ಬಂದರೆ ಅಮೃತಬಳ್ಳಿಯ ಕಷಾಯ, ಕಣ್ಣು ಹಳದಿಯಾದರೆ ನೆಲನೆಲ್ಲಿ ಎಂಬುದು ಹಳೆಯ ಲೆಕ್ಕ. ಆ ಜ್ವರದೊಡನೆ ಮೀನಖಂಡ ನೋಯುತ್ತಿದ್ದರೆ, ಕಣ್ಣು ಕೆಂಪಾಗಿದ್ದರೆ, ಅದು ಇಲಿಜ್ವರವಾಗಿರಬಹುದು. ಇಲಿಯ ಮೂತ್ರ ಸೇರಿದ ನೀರಿನಿಂದ, ಕಾಲಿನ ಸಣ್ಣ ಗಾಯದ ಮೂಲಕ ಒಳಹೊಗುವ ಈ ರೋಗಾಣು ಮೂತ್ರಪಿಂಡವನ್ನೂ ಯಕೃತ್ತನ್ನೂ ಕೆಡಿಸಬಲ್ಲದು. ಮೊದಲ ದಿನಗಳಲ್ಲೇ ವೈದ್ಯರ ಬಳಿ ಹೋದರೆ ಸಾಮಾನ್ಯ ಆ್ಯಂಟಿಬಯೋಟಿಕ್ ಮದ್ದಿಗೆ ಬಗ್ಗುತ್ತದೆ. ಕಷಾಯದಲ್ಲಿ ಕಳೆದ ಒಂದು ವಾರವನ್ನು ಯಾವ ವೈದ್ಯನೂ ಹಿಂದಿರುಗಿಸಲಾರ.

ಅನುಭವಸ್ಥಳಾದ ಅಮ್ಮಮ್ಮನಿಗೆ ಇದು ತಿಳಿಯದ್ದೇನಲ್ಲ. ಶುಂಠಿಯ ಲೋಟವನ್ನು ಕೈಗಿಡುವಾಗಲೇ ಆಕೆ ಹಣೆ ಮುಟ್ಟಿ ನೋಡುತ್ತಾಳೆ. ‘ನಾಳೆಗೂ ಬಿಡದಿದ್ದರೆ ಡಾಕ್ಟರರಲ್ಲಿಗೆ’ ಎನ್ನುವ ಆಕೆಯ ಮಾತು ಶುಂಠಿಯಷ್ಟೇ ಹಳೆಯ ಮನೆಮದ್ದು.